ಹಳೆಯ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ, ಕೊಂಡ ಬಳಿಕ

ಹಳೆಯ ವಸ್ತುಗಳನ್ನು ಕೊಳ್ಳುವವರಲ್ಲಿ ಎರಡು ಪಂಗಡಗಳುಂಟು. ಅಗ್ಗವೆಂದು ಕೊಳ್ಳುವವರು ಒಂದು ಪಂಗಡ. ಪ್ರೀತಿಯಿಂದ ಕೊಳ್ಳುವವರು ಇನ್ನೊಂದು. ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವವನು ಬಹುಮಟ್ಟಿಗೆ ಎರಡನೆಯ ಪಂಗಡಕ್ಕೆ ಸೇರಿದವನಾಗಿದ್ದು, ಮನೆಯವರ ಮುಂದೆ ಮಾತ್ರ ತಾನು ಮೊದಲನೆಯ ಪಂಗಡದವನೆಂದು ವಾದಿಸುತ್ತಾನೆ. ಪ್ರೀತಿ ತಪ್ಪಲ್ಲ. ಆದರೆ ಈ ವ್ಯಾಪಾರದಲ್ಲಿ ಹಣದ ಜೊತೆಗೆ ಪ್ರಾಣವೂ ಪಣಕ್ಕೆ ಬೀಳುವುದರಿಂದ, ಪ್ರೀತಿಗೆ ಕಣ್ಣುಗಳಿರಬೇಕಾದದ್ದು ಅವಶ್ಯ. ಯಾವುದನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಒಂದು ನಿದರ್ಶನದ ಮೂಲಕ ವಿಚಾರಮಾಡೋಣ.

ನಿದರ್ಶನಕ್ಕಾಗಿ ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ಎಂ. ಜಿ. ಬಿ. ಎಂಬ ಕಾರನ್ನು. ಆಕ್ಸ್‌ಫರ್ಡಿನಲ್ಲಿದ್ದ ಮಾರಿಸ್ ಗ್ಯಾರೇಜಸ್ ಎಂಬ ಸಂಸ್ಥೆಯ ಮೊದಲ ಅಕ್ಷರಗಳೇ ಎಂ. ಜಿ. ಎಂಬ ಹೆಸರಿಗೆ ಮೂಲ. ಥೇಮ್ಸ್ ನದಿಯ ದಡದ ಆಬಿಂಗ್ಡನ್ ಎಂಬ ಊರಿನಲ್ಲಿ ೧೯೬೨ರಿಂದ ೧೯೮೦ರವರೆಗೆ ಈ ಕಾರು ತಯಾರಾಯಿತು. ೧೯೬೫ರಲ್ಲಿ ಇದಕ್ಕೆ ಲೋಹದ ಮಾಡುಳ್ಳ ಜಿ. ಟಿ. ಎಂಬ ಸೋದರ ಹುಟ್ಟಿತು. ಎಲ್ಲ ಬಗೆಗಳೂ ಸೇರಿ ಐದು ಲಕ್ಷಕ್ಕೂ ಮಿಕ್ಕಿದ ಕಾರುಗಳು ಹೊರಬಂದುವು. ಇಷ್ಟು ಸಂಖ್ಯೆಯಲ್ಲಿ ತಯಾರಾದುದರಿಂದಲೇ ಇಂದಿಗೂ ಇದರ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ. ಮೊದಲ ಬಾರಿಗೆ ಹಳೆಯ ಕಾರನ್ನು ಕೊಳ್ಳುವವರಿಗೆ ಇದನ್ನು ಸೂಚಿಸುವ ವಾಡಿಕೆಗೂ ಅದೇ ಕಾರಣ.

ನಮ್ಮ ಶ್ರೋತೃಗಳಿಗೂ ಈ ಕಾರಿಗೂ ಒಂದು ದೂರದ ನಂಟುಂಟು. ಇದರ ಯಂತ್ರವು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಎಂಬ ಮನೆತನಕ್ಕೆ ಸೇರಿದ್ದು. ನಮ್ಮ ಬೀದಿಗಳಲ್ಲಿ ದಶಕಗಟ್ಟಲೆ ಓಡಾಡಿದ ಅಂಬಾಸಿಡರ್ ಕಾರಿನಲ್ಲಿದ್ದ ೧,೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಯಂತ್ರವೂ ಅದೇ ಮನೆತನದ್ದು. ಎಂ. ಜಿ. ಬಿ.ಯಲ್ಲಿ ಅದು ೧,೭೯೮ ಘನ ಸೆಂಟಿಮೀಟರಿಗೆ ಬೆಳೆದು, ಎರಡು ಕಾರ್ಬ್ಯುರೇಟರುಗಳನ್ನು ಧರಿಸಿತು. ಅಂಬಾಸಿಡರ್ ಯಂತ್ರವನ್ನು ಬಿಚ್ಚಿ ಜೋಡಿಸಿದ ಮೇಸ್ತ್ರಿಗೆ ಇದು ಅಪರಿಚಿತವಾಗಿ ಕಾಣಲಾರದು.

ಕೊಳ್ಳಲು ಹೋದವನು ಮೊದಲು ಮುಚ್ಚಳ ತೆಗೆದು ಯಂತ್ರವನ್ನು ನೋಡುತ್ತಾನೆ. ಅದರ ಸದ್ದಿಗೆ ಕಿವಿಗೊಡುತ್ತಾನೆ. ಇದು ಸಹಜವಾದರೂ ತಲೆಕೆಳಗಾದ ಕ್ರಮ. ಯಂತ್ರ ಕೆಟ್ಟರೆ ಇಳಿಸಿ ಸರಿಮಾಡಬಹುದು, ಬೇರೊಂದನ್ನು ಕೂರಿಸಲೂಬಹುದು. ಒಡಲೇ ಕೊಳೆತರೆ ಕಾರೇ ಇಲ್ಲ. ಕಾರಣವನ್ನು ಹೀಗೆ ತಿಳಿಯಬಹುದು. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಯನ್ನು ಎರಡು ಕೈಗಳಿಂದ ತಿರುಚಲು ಯತ್ನಿಸಿದರೆ ಅದು ಸೆಟೆದು ನಿಲ್ಲುತ್ತದೆ. ಮುಚ್ಚಳವನ್ನು ತೆಗೆದುಬಿಟ್ಟರೆ ಅದೇ ಪೆಟ್ಟಿಗೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ತೆರೆದ ಕಾರು ಮುಚ್ಚಳವಿಲ್ಲದ ಪೆಟ್ಟಿಗೆ. ಎಂ. ಜಿ. ಬಿ.ಗೆ ಪ್ರತ್ಯೇಕವಾದ ಚೌಕಟ್ಟಿಲ್ಲ. ಒಡಲ ತಗಡೇ ಅಸ್ಥಿಪಂಜರ. ಮಾಡಿಲ್ಲದ ಕೊರತೆಯನ್ನು ತುಂಬುವ ಹೊಣೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯ್ದಿರುವ ಹೊಸ್ತಿಲುಗಳ ಮೇಲೆ ಬೀಳುತ್ತದೆ. ಹೊರತಗಡು, ಒಳತಗಡು, ನಡುವೆ ಇನ್ನೊಂದು ಪದರ, ಹೀಗೆ ಟೊಳ್ಳಾಗಿ ಕಟ್ಟಿದ ಈ ಹೊಸ್ತಿಲಿನೊಳಗೆ ಕೆಸರೂ ನೀರೂ ಸೇರುತ್ತವೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಹಿಮವನ್ನು ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪೂ ಅವುಗಳೊಡನೆ ಸೇರಿ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ವೇಳೆಗೆ ಒಳಗಿನ ಪದರ ಪುಡಿಯಾಗಿರುತ್ತದೆ.

ಮಾರುವವನು ಈ ಗುಳ್ಳೆಯನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದಿದ್ದರೆ ಕಣ್ಣಿಗೆ ಏನೂ ಕಾಣದು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಆದುದರಿಂದ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವಿರಲಿ. ತೆಳುವಾದ ಬಟ್ಟೆಯಲ್ಲಿ ಸುತ್ತಿ ಹೊಸ್ತಿಲ ಮೇಲೂ ಚಕ್ರಗಳ ಕಮಾನಿನ ಮೇಲೂ ಮೆಲ್ಲನೆ ಎಳೆಯಿರಿ. ಉಕ್ಕಿರುವಲ್ಲಿ ಅದು ಹಿಡಿಯುತ್ತದೆ, ಪುಟ್ಟಿಯಿರುವಲ್ಲಿ ಜಾರುತ್ತದೆ. ಬಳಿಕ ಬಾಗಿಲಿನ ಹಿಂದಿನ ಸಂದನ್ನು ಗಮನಿಸಿ. ಅದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಒಡಲು ನಡುವಿನಲ್ಲಿ ಕುಸಿದಿರಬಹುದು. ಹೊಸ್ತಿಲ ಬಳಿ ಜಾಕಿ ಕೊಟ್ಟು ಎತ್ತಿದಾಗ ಬಾಗಿಲು ಬಿಗಿಯಾಗಿ ತೆರೆಯದೆ ಹೋದರೆ, ಆ ಕಾರನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಇನ್ನು ಯಂತ್ರ. ೧೯೬೪ರ ಕೊನೆಯವರೆಗಿನ ಕಾರುಗಳಲ್ಲಿ ಕ್ರಾಂಕ್ ದಂಡವು ಮೂರು ಬೇರಿಂಗುಗಳ ಮೇಲೆ ತಿರುಗುತ್ತಿತ್ತು, ಆಮೇಲಿನವುಗಳಲ್ಲಿ ಐದು. ಐದರದು ಹೆಚ್ಚು ಬಾಳಿಕೆ. ಚೆನ್ನಾಗಿ ಕಾದ ಯಂತ್ರದಲ್ಲಿ, ಓಡುತ್ತಿರುವಾಗ ಎಣ್ಣೆಯ ಒತ್ತಡವು ಚದರ ಅಂಗುಲಕ್ಕೆ ೫೦ ಪೌಂಡಿಗಿಂತ ಕೆಳಗಿಳಿಯಬಾರದು. ತಣ್ಣಗಿರುವಾಗ ಮುಳ್ಳು ಎಷ್ಟೇ ಮೇಲಿದ್ದರೂ ಅದನ್ನು ನಂಬುವಂತಿಲ್ಲ. ತಣ್ಣನೆಯ ಎಣ್ಣೆ ಗಟ್ಟಿಯಾಗಿದ್ದು ಸವೆತವನ್ನು ಮರೆಮಾಡುತ್ತದೆ. ಆದುದರಿಂದ ನೀವು ಬರುವ ಮುನ್ನವೇ ಯಂತ್ರವನ್ನು ಚಾಲೂಮಾಡಬಾರದೆಂದು ಮಾರುವವರಿಗೆ ಮೊದಲೇ ತಿಳಿಸಿ, ತಣ್ಣನೆಯ ಯಂತ್ರ ಹೊತ್ತಿಕೊಳ್ಳುವ ಬಗೆಯನ್ನೂ ಕಾದ ಮೇಲಿನ ಒತ್ತಡವನ್ನೂ ಎರಡನ್ನೂ ನೋಡಬೇಕು. ತಂತಿಕಡ್ಡಿಗಳ ಚಕ್ರವಿದ್ದರೆ, ಕಾರು ಹೊರಡುವಾಗಲೂ ನಿಲ್ಲುವಾಗಲೂ ‘ಠಕ್’ ಎಂಬ ಸದ್ದು ಬರುವುದೇ ಎಂದು ಆಲಿಸಬೇಕು. ಚಕ್ರದ ನಡುವಿನ ಹಲ್ಲುಗಳು ಸವೆದಿರುವುದರ ಗುರುತು ಅದಾಗಿರಬಹುದು.

ಕಾಗದಪತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಬ್ರಿಟನ್ನಿನಲ್ಲಿ ಮೋಟಾರುಗಳಿಗೆ ಕಡ್ಡಾಯವಾಗಿರುವ ವಾರ್ಷಿಕ ಪರೀಕ್ಷೆಯಿಂದ, ನಲವತ್ತು ವರ್ಷ ಮೀರಿದ, ಹೆಚ್ಚಿನ ಮಾರ್ಪಾಟಿಲ್ಲದ ಕಾರುಗಳಿಗೆ ೨೦೧೮ರಲ್ಲಿ ವಿನಾಯಿತಿ ದೊರೆಯಿತು. ಪರಿಣಾಮವೇನೆಂದರೆ, ಕೊನೆಯ ಎಂ. ಜಿ. ಬಿ. ಕೂಡ ಈಗ ಆ ವಯಸ್ಸನ್ನು ದಾಟಿದೆ. ವರ್ಷಗಟ್ಟಲೆ ಯಾವ ಪರೀಕ್ಷಕನೂ ಅಡಿಗೆ ಇಣಿಕಿ ನೋಡದ ಕಾರು ಕಾನೂನಿಗೆ ಒಪ್ಪಿತವಾಗಿಯೇ ಮಾರಾಟಕ್ಕೆ ಬರಬಹುದು. ಕಾನೂನು ವಿನಾಯಿತಿ ಕೊಟ್ಟಿತೆಂದು ತುಕ್ಕು ವಿನಾಯಿತಿ ಕೊಡುವುದಿಲ್ಲ. ಸ್ವಂತ ಖರ್ಚಿನಿಂದಲಾದರೂ ಪರೀಕ್ಷೆ ಮಾಡಿಸಿಕೊಳ್ಳುವುದೇ ವಿವೇಕ.

ಕೊಂಡಾಯಿತು. ಈಗ ಎಲ್ಲಿಂದ ಆರಂಭಿಸಬೇಕು? ಹೊಳೆಯುವ ಬಣ್ಣ, ಹೊಸ ಚರ್ಮದ ಆಸನ, ಇವು ಕರೆಯುತ್ತವೆ. ಆದರೆ ಮೊದಲ ಹಣ ಬ್ರೇಕಿಗೆ ಸಲ್ಲಬೇಕು. ಮೊದಮೊದಲಿನ ಎಂ. ಜಿ. ಬಿ.ಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಸೇರಿ ಒಂದೇ ದ್ರವಮಾರ್ಗ. ಒಂದು ರಬ್ಬರ್ ಕೊಳವೆ ಒಡೆದರೆ ನಾಲ್ಕೂ ಚಕ್ರಗಳು ಏಕಕಾಲದಲ್ಲಿ ಕೈಕೊಡುತ್ತವೆ; ಉಳಿಯುವುದು ಕೈಬ್ರೇಕು ಮಾತ್ರ. ಬ್ರೇಕಿನ ದ್ರವವೋ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಸೇರಿದ ದ್ರವ ಬೇಗ ಕುದಿದು, ಇಳಿಜಾರಿನಲ್ಲಿ ಕಾಲಿನಡಿಯ ಪೆಡಲು ಮೆತ್ತಗಾಗುತ್ತದೆ. ಕೊಳವೆಗಳನ್ನೂ ದ್ರವವನ್ನೂ ಕಣ್ಣುಮುಚ್ಚಿ ಬದಲಾಯಿಸಿಬಿಡಬೇಕು. ಟೈರುಗಳ ಮೇಲಿನ ಗೆರೆ ಸವೆಯದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆಂಬುದನ್ನು ಮರೆಯಬಾರದು.

ಎರಡನೆಯದು ಪೆಟ್ರೋಲಿನ ಮಾರ್ಗ. ಈ ಯಂತ್ರಗಳು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ಆ ಸೀಸವು ಕವಾಟಗಳು ಕೂರುವ ಪೀಠವನ್ನು ಸವೆತದಿಂದ ಕಾಯುತ್ತಿತ್ತು. ಈಗ ಸೀಸವಿಲ್ಲವಾದ್ದರಿಂದ, ಯಂತ್ರದ ತಲೆಯನ್ನು ಬಿಚ್ಚುವ ಸಂದರ್ಭ ಬಂದಾಗ ಗಟ್ಟಿಲೋಹದ ಪೀಠಗಳನ್ನು ಕೂರಿಸುವುದು ಒಳ್ಳೆಯದು. ಅಲ್ಲದೆ, ೨೦೨೧ರಿಂದ ಬ್ರಿಟನ್ನಿನಲ್ಲಿ ಶೇಕಡ ೧೦ರವರೆಗೆ ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ. ಕಾದ ಯಂತ್ರದ ಮೇಲೆ ಪೆಟ್ರೋಲು ಸೋರಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಒಡಲಿನ ಬೆಸುಗೆ. ಹೊಸ್ತಿಲನ್ನು ಕತ್ತರಿಸುವ ಮುನ್ನ ಕಾರಿನ ಭಾರವನ್ನು ಸಮತಟ್ಟಾಗಿ ಆಧರಿಸಿ, ಬಾಗಿಲ ತೆರಪಿಗೆ ಅಡ್ಡಪಟ್ಟಿಗಳನ್ನು ಕೊಟ್ಟು, ಬಾಗಿಲು ಸರಿಯಾಗಿ ಕೂರುವುದೇ ಎಂದು ಹೆಜ್ಜೆಹೆಜ್ಜೆಗೂ ನೋಡಬೇಕು. ಹಾಗಲ್ಲದೆ ಬೆಸೆದರೆ ಬಾಗಿದ ಒಡಲು ಬಾಗಿದಂತೆಯೇ ಶಾಶ್ವತವಾಗಿ ನಿಂತುಬಿಡುತ್ತದೆ. ಇದು ಕಲಿತ ಕೈಯ ಕೆಲಸ, ಪುಸ್ತಕವನ್ನೋದಿ ಆರಂಭಿಸತಕ್ಕದ್ದಲ್ಲ. ಒಡಲು ಪೂರ್ತಿ ಹಾಳಾಗಿದ್ದರೆ, ಹಳೆಯ ಅಚ್ಚುಗಳನ್ನೇ ಬಳಸಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ೧೯೮೮ರಿಂದ ತಯಾರಿಸಿದ ಹೊಸ ಒಡಲೂ ಉಂಟು. ಆದರೆ ಅದರ ಬೆಲೆಗೆ ಬಣ್ಣ, ಜೋಡಣೆಗಳ ಕೂಲಿ ಸೇರಿದಾಗ, ಸರಿಪಡಿಸಿದ ಕಾರಿಗೆ ಪೇಟೆಯಲ್ಲಿ ಸಿಗುವ ಬೆಲೆಯನ್ನು ಖರ್ಚು ದಾಟಿಹೋಗುವುದು ಅಪರೂಪವಲ್ಲ. ಅಗ್ಗದ ಕೊಳೆತ ಕಾರಿಗಿಂತ, ತುಸು ಹೆಚ್ಚು ಕೊಟ್ಟು ಕೊಂಡ ಗಟ್ಟಿ ಕಾರೇ ಕೊನೆಗೆ ಅಗ್ಗ. ಬಣ್ಣವೂ ಆಸನವೂ ಇವೆಲ್ಲದರ ಬಳಿಕ.

ಇಷ್ಟು ಕಷ್ಟವೇಕೆ ಎಂದು ಕೇಳುವವರುಂಟು. ಇಂದಿನ ಸಾಮಾನ್ಯ ಕಾರೂ ವೇಗದಲ್ಲಿ ಇದನ್ನು ಹಿಂದೆ ಹಾಕುತ್ತದೆ, ನಿಜ. ಆದರೆ ಇಂದಿನ ಯಂತ್ರವು ತನ್ನ ಗುಟ್ಟನ್ನು ಪೆಟ್ಟಿಗೆಯೊಳಗೆ ಬಿಗಿದಿಟ್ಟುಕೊಂಡಿರುತ್ತದೆ. ಈ ಹಳೆಯ ಯಂತ್ರದಲ್ಲಿ ಕಿಡಿ ಹುಟ್ಟುವ ಎಡೆಯನ್ನೂ ಪೆಟ್ರೋಲು ಹರಿಯುವ ದಾರಿಯನ್ನೂ ಕವಾಟ ಏಳುವ ಬಗೆಯನ್ನೂ ಬರಿಗಣ್ಣಿನಿಂದ ಕಾಣಬಹುದು. ಒಂದು ಹಿಡಿ ಉಪಕರಣಗಳಿಂದ ತಿದ್ದಬಹುದು. ತಾನು ಬಳಸುವ ವಸ್ತುವನ್ನು ತಾನೇ ಅರಿತು ಕಾಪಾಡಿಕೊಳ್ಳುವುದರಲ್ಲಿ ಒಂದು ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ಬಯಸುವವರು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು, ಹಣದ ಚೀಲವನ್ನು ಮನೆಯಲ್ಲಿಯೇ ಬಿಟ್ಟು, ಮೊದಲ ಸಲ ನೋಡಲಿಕ್ಕೆ ಮಾತ್ರ ಹೋಗಿಬರಲಿ.