ತೇರಗಾಂವದಲ್ಲಿ ಎಷ್ಟು ಅಕ್ಷರ?

ಹಳಿಯಾಳ ತಾಲ್ಲೂಕಿನ ‘ತೇರಗಾಂವ’ದ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಶಾಲೆಗೆ ಹೋಗುವ ಮಗು ಬೆರಳು ಮಡಚಿ ನಾಲ್ಕು ಎನ್ನುತ್ತದೆ: ತೇ, ರ, ಗಾಂ, ವ. ಲಿನಕ್ಸ್ ಕಂಪ್ಯೂಟರಿನಲ್ಲಿ ನಮ್ಮ ಆದೇಶಗಳನ್ನು ಓದಿ ನಡೆಸುವ ಬ್ಯಾಶ್ ಶೆಲ್ ಅನ್ನು ಕೇಳಿದರೆ ಏಳು ಎನ್ನುತ್ತದೆ. ಅದೇ ಶೆಲ್ ‘ಸಿ’ ಎಂಬ ಹಳೆಯ ಭಾಷಾ ಸೆಟ್ಟಿಂಗಿನಲ್ಲಿ ಓಡುತ್ತಿದ್ದರೆ 21 ಎನ್ನುತ್ತದೆ.

ಮೂರೂ ಲೆಕ್ಕ ಸರಿಯೇ. ಯೂನಿಕೋಡ್‌ನಲ್ಲಿ ತ, ಏತ್ವ, ರ, ಗ, ಇಳಿ, ಸೊನ್ನೆ, ವ ಎಲ್ಲವೂ ಬೇರೆ ಬೇರೆ ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್ ಬೇಕು. ತೊಂದರೆ ಶುರುವಾಗುವುದು ಈ ಲೆಕ್ಕವನ್ನು ನಂಬಿಕೊಂಡು ಶೆಲ್ ಸ್ಕ್ರಿಪ್ಟ್ ಕೆಲಸಕ್ಕಿಳಿದಾಗ.

ಶೆಲ್ ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಒಂದರ ಹಿಂದೊಂದು ಕೊಡಬೇಕಾದ ಆದೇಶಗಳನ್ನು ಬರೆದಿಟ್ಟ ಕಡತ. ರಾತ್ರಿ ಬ್ಯಾಕಪ್ ತೆಗೆಯುವುದು, ಹಳೆಯ ಕಡತ ಅಳಿಸುವುದು, ನೂರಾರು ಫೋಟೊಗಳ ಹೆಸರು ಬದಲಿಸುವುದು ಇದರ ನಿತ್ಯದ ಕೆಲಸ. ಇದಕ್ಕೊಂದು ಅಪಾಯಕಾರಿ ಸ್ವಭಾವವಿದೆ: ನಡುವೆ ಒಂದು ಆದೇಶ ಸೋತರೂ, ನಿಲ್ಲು ಎಂದು ಮೊದಲೇ ಹೇಳಿರದಿದ್ದರೆ, ಮುಂದಿನ ಸಾಲಿಗೆ ನಡೆದುಬಿಡುತ್ತದೆ.

2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಸ್ಕ್ರಿಪ್ಟಿನಲ್ಲಿ, ಅಳಿಸಬೇಕಾದ ಫೋಲ್ಡರಿನ ವಿಳಾಸದ ನಡುವೆ ಒಂದು ಖಾಲಿ ಜಾಗ ಬಿದ್ದಿತ್ತು. ಒಂದು ವಿಳಾಸ ಎರಡಾಯಿತು. ಸಣ್ಣದೊಂದು ಒಳ ಫೋಲ್ಡರ್ ಅಳಿಯಬೇಕಿದ್ದಲ್ಲಿ ‘ಯುಎಸ್‌ಆರ್’ ಎಂಬ, ಬಹುಪಾಲು ತಂತ್ರಾಂಶಗಳು ಕೂತಿರುವ ಇಡೀ ಫೋಲ್ಡರಿಗೇ ಕತ್ತರಿ ಬಿತ್ತು.

2015ರ ಜನವರಿಯಲ್ಲಿ ಬೆಳಕಿಗೆ ಬಂದ ಪ್ರಕರಣ ಇನ್ನೂ ಘೋರ. ಗೇಮಿಂಗ್ ತಂತ್ರಾಂಶ ಸ್ಟೀಮ್‌ನ ಲಿನಕ್ಸ್ ಆವೃತ್ತಿಯ ಸ್ಕ್ರಿಪ್ಟ್, ತಾನಿರುವ ಫೋಲ್ಡರ್ ಯಾವುದೆಂದು ಹುಡುಕಿ, ಅದರೊಳಗಿನದನ್ನೆಲ್ಲ ಅಳಿಸುವಂತೆ ಬರೆಯಲಾಗಿತ್ತು. ಬಳಕೆದಾರರೊಬ್ಬರು ಆ ಫೋಲ್ಡರನ್ನು ಬೇರೆಡೆಗೆ ಸರಿಸಿದ್ದರು. ಹುಡುಕಾಟ ಸೋತು ಉತ್ತರ ಖಾಲಿ ಬಂತು. ಖಾಲಿ ಹೆಸರಿನ ಮುಂದೆ ಉಳಿದದ್ದು ಒಂದು ಓರೆಗೆರೆ ಮಾತ್ರ; ಲಿನಕ್ಸ್‌ನಲ್ಲಿ ಅದರ ಅರ್ಥ ‘ಎಲ್ಲದರ ಬುಡ’. ಅವರ ಕಡತಗಳ ಜೊತೆ, ಕಂಪ್ಯೂಟರಿಗೆ ಜೋಡಿಸಿದ್ದ ಬ್ಯಾಕಪ್ ಡಿಸ್ಕೂ ಬರಿದಾಯಿತು. ಬರೆದವರಿಗೆ ಅಳುಕು ಇರಲಿಲ್ಲವೆಂದಲ್ಲ: ಆ ಸಾಲಿನ ಬಳಿ ‘ಭಯವಾಗುತ್ತದೆ’ ಎಂಬರ್ಥದ ಟಿಪ್ಪಣಿಯೂ ಇತ್ತು. ಇಲ್ಲದ್ದು ಪರೀಕ್ಷೆ.

ಇಂಥ ಪರೀಕ್ಷೆಗೆಂದೇ ಸ್ಯಾಮ್ ಸ್ಟೀಫನ್‌ಸನ್ 2011ರಲ್ಲಿ ‘ಬ್ಯಾಟ್ಸ್’ ಎಂಬ ತಂತ್ರಾಂಶ ಬರೆದರು. 2017ರಿಂದ ಅದನ್ನು ‘ಬ್ಯಾಟ್ಸ್-ಕೋರ್’ ಹೆಸರಿನಲ್ಲಿ ಸಮುದಾಯವೇ ನೋಡಿಕೊಳ್ಳುತ್ತಿದೆ. ಕೆಲಸ ಸರಳ. ತಾತ್ಕಾಲಿಕ ಫೋಲ್ಡರಿನಲ್ಲಿ ಒಂದಷ್ಟು ಕಡತ ಹರಡಿ, ಅವುಗಳ ಮೇಲೆ ಸ್ಕ್ರಿಪ್ಟ್ ಓಡಿಸಿ, ಎರಡು ಸಂಗತಿ ನೋಡುವುದು: ಮುಗಿದಾಗ ಹಿಂತಿರುಗಿಸಿದ ಅಂಕಿ ಸೊನ್ನೆಯೇ (ಶೆಲ್ ಲೋಕದಲ್ಲಿ ಸೊನ್ನೆ ಬಂದರೆ ಪಾಸು!) ಮತ್ತು ಪರದೆಯ ಮೇಲೆ ಬಂದದ್ದು ನಿರೀಕ್ಷಿಸಿದ್ದೇ. ಹೊಂದಿದರೆ ‘ಓಕೆ’, ಇಲ್ಲದಿದ್ದರೆ ‘ನಾಟ್ ಓಕೆ’. ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಾದರೂ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಓಡಿಸಬಹುದು. ಖಾಲಿ ಹೆಸರು ಕೊಟ್ಟು ನೋಡುವ ಒಂದೇ ಒಂದು ಪರೀಕ್ಷೆ ಸಾಕಿತ್ತು, ಸ್ಟೀಮ್‌ನ ಆ ಸಾಲು ಸಿಕ್ಕಿಬೀಳಲು.

ಆದರೆ ಇಂಗ್ಲಿಷ್ ಹೆಸರುಗಳಲ್ಲೇ ಪರೀಕ್ಷೆ ಮುಗಿಸಿದರೆ ಕನ್ನಡದ ಕೆಲಸಕ್ಕೆ ಅದು ಸಾಲದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಊರುಗಳ ಫೋಟೊಗಳನ್ನು ಊರಿನ ಹೆಸರಿನ ಮೊದಲ ನಾಲ್ಕು ಅಕ್ಷರ ಹಿಡಿದು ಜೋಡಿಸುವ ಸ್ಕ್ರಿಪ್ಟ್ ಒಂದಿದೆ ಎಂದಿಟ್ಟುಕೊಳ್ಳಿ. ಕೂತು ಓಡಿಸಿದಾಗ ‘ತೇರಗ’ ಎಂಬ ಫೋಲ್ಡರ್ ಹುಟ್ಟುತ್ತದೆ. ನಾಲ್ಕು ಅಕ್ಷರ ಕೇಳಿದ್ದಕ್ಕೆ ಮೂರು ಬಂದರೂ ಓದಬಹುದು. ಅದನ್ನೇ ನಡುರಾತ್ರಿ ತಾನಾಗಿ ಓಡುವಂತೆ ‘ಕ್ರಾನ್’ಗೆ ವಹಿಸಿದರೆ ಹಲವೆಡೆ ಬಳಕೆದಾರರ ಭಾಷಾ ಸೆಟ್ಟಿಂಗ್ ಅದಕ್ಕೆ ಸಿಗುವುದೇ ಇಲ್ಲ. ಆಗ ನಾಲ್ಕು ಅಕ್ಷರದ ಬದಲು ನಾಲ್ಕು ಬೈಟ್ ಕತ್ತರಿಸುತ್ತದೆ: ಒಂದು ‘ತ’, ಜೊತೆಗೆ ಏತ್ವದ ಮೂರನೇ ಒಂದು ಚೂರು. ಬೆಳಿಗ್ಗೆ ಎದ್ದು ನೋಡಿದರೆ ಫೋಲ್ಡರಿನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ.

ಇನ್ನೂ ಸೂಕ್ಷ್ಮವಾದದ್ದೊಂದಿದೆ. ‘ತೇ’ಯ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವಕ್ಕೊಂದು ದೀರ್ಘ ಸೇರಿಸಿ ಎರಡಾಗಿಯೂ ಬರೆಯಬಹುದು. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ವ್ಯವಸ್ಥೆ ಕಡತಗಳ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ‘ತೇರಗಾಂವ’ದಲ್ಲಿ ಏಳರ ಬದಲು ಎಂಟು ಸಂಕೇತ, 24 ಬೈಟ್. ಕಣ್ಣಿಗೆ ಒಂದೇ ಊರು, ಶೆಲ್‌ಗೆ ಎರಡು. ಅರ್ಧ ಫೋಟೊ ಒಂದು ಫೋಲ್ಡರಿಗೆ, ಉಳಿದರ್ಧ ಇನ್ನೊಂದಕ್ಕೆ ಹೋದರೂ ದೋಷದ ಸಂದೇಶ ಬರುವುದಿಲ್ಲ. ಹೋಲಿಸುವ ಮೊದಲು ‘ಯೂಕಾನ್ವ್’ನಂಥ ಸಾಧನದಿಂದ ಎರಡನ್ನೂ ಒಂದೇ ರೂಪಕ್ಕೆ ತರಬೇಕು.

ಹಾಗಾಗಿ ಈ ಸ್ಕ್ರಿಪ್ಟಿನ ಪರೀಕ್ಷಾ ಕಡತದಲ್ಲಿ ತೇರಗಾಂವ ಎರಡು ಸಲ ಇರಬೇಕು, ಒಮ್ಮೆ ಏಳು ಸಂಕೇತಗಳಲ್ಲಿ, ಒಮ್ಮೆ ಎಂಟರಲ್ಲಿ. ಎರಡನ್ನೂ ಮೊದಲು ಕನ್ನಡ ಸೆಟ್ಟಿಂಗಿನಲ್ಲಿ, ಆಮೇಲೆ ‘ಸಿ’ ಸೆಟ್ಟಿಂಗಿನಲ್ಲಿ ಓಡಿಸಬೇಕು. ನಾಲ್ಕು ಸಲವೂ ಒಂದೇ ಫೋಲ್ಡರ್ ಹುಟ್ಟಿ, ನಾಲ್ಕು ‘ಓಕೆ’ ಬಂದ ಮೇಲೆ ಅದನ್ನು ಕ್ರಾನ್‌ಗೆ ಒಪ್ಪಿಸಬಹುದು.