ಅಲಾಸ್ಕಾ ಕ್ರೂಸ್‌ಗೆ ದಪ್ಪ ಕೋಟು, ಎರಡು ಜೊತೆ ಸಾಕ್ಸ್, ಸ್ವಲ್ಪ ಬ್ರಾಂಡಿ: ಈ ಫಾರ್ವರ್ಡ್ ನಂಬಬಹುದೇ?

ಏಪ್ರಿಲ್ ಬಂತೆಂದರೆ ನಮ್ಮ ಬಂಧುಗಳ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೊಬ್ಬರು ಅಮೆರಿಕಕ್ಕೆ ಹೊರಟಿರುತ್ತಾರೆ. ಈ ಸಲ ಮೈಸೂರಿನ ದೊಡ್ಡಪ್ಪ, ದೊಡ್ಡಮ್ಮನ ಸರದಿ. ಸಿಯಾಟಲ್‌ನಲ್ಲಿರುವ ಮಗ ಇಬ್ಬರನ್ನೂ ಏಳು ದಿನದ ಅಲಾಸ್ಕಾ ಕ್ರೂಸ್‌ಗೆ ಕರೆದೊಯ್ಯುತ್ತಿದ್ದಾನೆ. ಸುದ್ದಿ ಗ್ರೂಪಿಗೆ ಬಿದ್ದ ಅರ್ಧ ಗಂಟೆಯೊಳಗೆ ಫಾರ್ವರ್ಡ್ ಒಂದು ಬಂತು. ‘ಹಿಮಪ್ರದೇಶಕ್ಕೆ ಹೋಗುವವರು ತಪ್ಪದೇ ಓದಿ’ ಎಂದು ಶುರುವಾಗುವ ಅದರ ಸಾರ ಇಷ್ಟು: ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ, ಆದ್ದರಿಂದ ಮಂಕಿ ಕ್ಯಾಪ್ ಇದ್ದರೆ ಅರ್ಧ ಚಳಿ ಗೆದ್ದಂತೆ. ಮೈಗೆ ತಾಗುವಂತೆ ಹತ್ತಿ ಬಟ್ಟೆಯನ್ನೇ ಹಾಕಿ. ಮೇಲೊಂದು ಭಾರೀ ದಪ್ಪ ಕೋಟು ಇರಲಿ. ಕಾಲಿಗೆ ಎರಡು ಜೊತೆ ಸಾಕ್ಸ್. ಅಷ್ಟಾದರೂ ನಡುಕ ಬಂದರೆ ಎರಡು ಚಮಚ ಬ್ರಾಂಡಿ.

ದೊಡ್ಡಮ್ಮ ಫೋನ್ ಮಾಡಿದರು. “ನೀನು ಇಂಥವನ್ನೆಲ್ಲ ನಿಜವೋ ಸುಳ್ಳೋ ಅಂತ ನೋಡ್ತೀಯಲ್ಲ, ಇದನ್ನೂ ಸ್ವಲ್ಪ ನೋಡಿ ಹೇಳೇ. ನಿಮ್ಮ ದೊಡ್ಡಪ್ಪ ಆಗಲೇ ಕೋಟು ತರೋಕೆ ಹೊರಟಿದ್ದಾರೆ.”

ನೋಡಿದೆ. ಐದು ಸಲಹೆಗಳಲ್ಲಿ ಒಂದು ಅರ್ಧ ಸರಿ. ಎರಡು ಸಲಹೆಗಳಂತೂ ಅರವತ್ತೈದು ದಾಟಿದವರನ್ನು ನಿಜವಾಗಿಯೂ ತೊಂದರೆಗೆ ಸಿಕ್ಕಿಸಬಲ್ಲವು.

ಅಲ್ಲಿನ ಚಳಿ ಎಂಥದ್ದು?

ಅಲಾಸ್ಕಾ ಅಂದ ತಕ್ಷಣ ಕಣ್ಣಮುಂದೆ ಬರುವುದು ಮಂಜುಗಡ್ಡೆ, ಹಿಮಕರಡಿ. ಆದರೆ ಪ್ರವಾಸಿ ಹಡಗುಗಳು ಅಲ್ಲಿಗೆ ಹೋಗುವುದು ಬೇಸಿಗೆಯಲ್ಲಿ, ಹೆಚ್ಚೂಕಡಿಮೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಸಿಯಾಟಲ್ ಅಥವಾ ವ್ಯಾಂಕೂವರ್‌ನಿಂದ ಹೊರಟು ಕೆಚಿಕನ್, ಜೂನೋ, ಸ್ಕಾಗ್ವೇ ಎಂಬ ಊರುಗಳನ್ನು ಮುಟ್ಟಿ ಬರುತ್ತವೆ. ಇವೆಲ್ಲ ರಾಜ್ಯದ ಆಗ್ನೇಯ ಕರಾವಳಿಯ ಊರುಗಳು. ಜುಲೈನಲ್ಲಿ ಜೂನೋದ ಹಗಲಿನ ಉಷ್ಣಾಂಶ 17-18 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೆಳಗು ಇದ್ದ ಹಾಗೆ. ಹಾಗಾದರೆ ಸಾದಾ ಸ್ವೆಟರ್ ಸಾಕಲ್ಲವೇ?

ಸಾಲದು. ಎರಡು ಕಾರಣ: ಮಳೆ ಮತ್ತು ಗಾಳಿ.

ಆ ಕರಾವಳಿಯಲ್ಲಿ ಹಬ್ಬಿರುವ ಟೋಂಗಾಸ್ ಅರಣ್ಯ ಮಳೆಕಾಡು. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಕೊಡಗಿನವರಿಗೆ ಈ ಅಂಕಿ ಹೊಸದೇನಲ್ಲ. ಮಡಿಕೇರಿಯ ಜುಲೈ ತಿಂಗಳಿಗೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಹೇಗಿರುತ್ತದೋ ಹಾಗೆ ಅಂದುಕೊಳ್ಳಿ. ಮೇ ತಿಂಗಳಲ್ಲಿ ಮಳೆ ಕಡಿಮೆ, ಆದರೆ ಚಳಿ ತುಸು ಹೆಚ್ಚು. ಸೆಪ್ಟೆಂಬರ್‌ನಲ್ಲಿ ಮಳೆ ಜೋರು.

ಇನ್ನು ಗಾಳಿ. ಹೊರಗೆ ಗಾಳಿಯೇ ಇಲ್ಲದ ದಿನವೂ ಡೆಕ್ ಮೇಲೆ ಗಾಳಿ ಇರುತ್ತದೆ, ಏಕೆಂದರೆ ಹಡಗೇ ಓಡುತ್ತಿರುತ್ತದೆ. 20 ನಾಟ್ ವೇಗವೆಂದರೆ ಗಂಟೆಗೆ 37 ಕಿಲೋಮೀಟರ್. ಚಳಿಗಾಲದ ಬೆಳಗ್ಗೆ ಐದೂವರೆಗೆ ಸ್ಕೂಟರ್‌ನಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಂತಾಗ ಇಲ್ಲದ ಚಳಿ ಗಾಡಿ ಓಡಿದೊಡನೆ ಬರುತ್ತದೆ. ನಮ್ಮ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚಗಿನ ಗಾಳಿಯ ತೆಳುವಾದ ಪದರ ಇರುತ್ತದೆ. ಬೀಸುಗಾಳಿ ಅದನ್ನು ಗುಡಿಸಿಕೊಂಡು ಹೋಗುತ್ತಲೇ ಇರುತ್ತದೆ, ದೇಹ ಹೊಸದನ್ನು ಬಿಸಿ ಮಾಡುತ್ತಲೇ ಇರಬೇಕಾಗುತ್ತದೆ.

ಇದನ್ನು ಅಳೆಯಲು ಮೊದಲು ಕೂತವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕದ ಅನ್ವೇಷಕರು. ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿಟ್ಟು, ಬೇರೆ ಬೇರೆ ಗಾಳಿಯಲ್ಲಿ ಅದು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಲೆಕ್ಕ ಇಟ್ಟರು. ಆ ಲೆಕ್ಕವನ್ನು ತಿದ್ದಿ ಮಾಡಿದ ಸೂತ್ರವನ್ನು ಅಮೆರಿಕ, ಕೆನಡಾ ದೇಶಗಳು 2001ರಿಂದ ಬಳಸುತ್ತಿವೆ. ಅದರ ಪ್ರಕಾರ 5 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 1ರಂತೆ ಅನ್ನಿಸುತ್ತದೆ. ಇಲ್ಲೊಂದು ಗೊಂದಲ ಬೇಡ. ಆ ಗಾಳಿಯಲ್ಲಿಟ್ಟ ನೀರು ಮಂಜುಗಡ್ಡೆ ಆಗುವುದಿಲ್ಲ. ಗಾಳಿ ಉಷ್ಣಾಂಶವನ್ನು ಇಳಿಸುವುದಿಲ್ಲ, ನಿಮ್ಮ ಮೈಯ ಶಾಖವನ್ನು ಬೇಗ ಕದಿಯುತ್ತದೆ ಅಷ್ಟೆ.

ಪ್ರವಾಸದಲ್ಲಿ ಅತಿ ಹೆಚ್ಚು ಚಳಿ ಹತ್ತುವುದು ಹಿಮನದಿ ನೋಡುವ ದಿನ. ಗ್ಲೇಸಿಯರ್ ಬೇಯಂಥ ಕಡೆ ಹಿಮನದಿಯ ಎದುರು ಹಡಗು ನಿಧಾನವಾಗಿ ತಿರುಗುತ್ತದೆ. ಮಂಜುಗಡ್ಡೆಯ ಮೇಲಿಂದ ಭಾರವಾದ ತಣ್ಣನೆ ಗಾಳಿ ಇಳಿದು ಬರುತ್ತಿರುತ್ತದೆ. ಗಡ್ಡೆ ಕಳಚಿ ನೀರಿಗೆ ಬೀಳುವುದನ್ನು ನೋಡಲು ಎಲ್ಲರೂ ಡೆಕ್ ಮೇಲೆ ಅಲುಗಾಡದೆ ಕಾಯುತ್ತಿರುತ್ತಾರೆ. ಅಲುಗಾಡದೆ ನಿಂತಾಗ ದೇಹ ಶಾಖ ಹುಟ್ಟಿಸುವುದೂ ಕಡಿಮೆ.

ಹತ್ತಿ ಬನಿಯನ್ನೇ ನಿಜವಾದ ತಪ್ಪು

ಫಾರ್ವರ್ಡ್‌ನಲ್ಲಿ ನನಗೆ ಹೆಚ್ಚು ಆತಂಕ ತಂದ ಸಾಲು ಇದು, ಏಕೆಂದರೆ ಕೇಳಿದರೆ ಸರಿಯಾಗಿಯೇ ಕಾಣುತ್ತದೆ. ಹತ್ತಿ ಬಟ್ಟೆ ಒಳ್ಳೆಯದು ಎಂದು ಕೇಳಿಕೊಂಡೇ ಬೆಳೆದವರು ನಾವು. ನಮ್ಮ ಸೆಕೆಗೆ ಅದು ಸರಿಯೂ ಹೌದು. ಹತ್ತಿ ಬೆವರನ್ನು ಹೀರಿ ಇಟ್ಟುಕೊಳ್ಳುತ್ತದೆ, ನಿಧಾನವಾಗಿ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಚಳಿಯಲ್ಲಿ ಈ ಗುಣವೇ ತಿರುಗಿ ಬೀಳುತ್ತದೆ.

ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಹತ್ತಿ ನೆನೆದರೆ ಆ ಗಾಳಿಯ ಜಾಗಕ್ಕೆ ನೀರು ಬಂದು ಕೂರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅಂದರೆ ಒದ್ದೆ ಬನಿಯನ್ ಚಳಿ ತಡೆಯುವ ಬದಲು ಶಾಖವನ್ನು ಹೊರಗೆ ದಾಟಿಸುತ್ತದೆ. ಮಳೆಯೇ ಬರಬೇಕೆಂದಿಲ್ಲ, ದಪ್ಪ ಕೋಟು ಹಾಕಿ ಮೆಟ್ಟಿಲು ಹತ್ತಿದಾಗ ಬರುವ ಬೆವರೂ ಸಾಕು. ಜೀನ್ಸ್ ಕೂಡ ಹತ್ತಿಯೇ ಎಂಬುದು ನೆನಪಿರಲಿ. ನೆನೆದ ಜೀನ್ಸ್ ದಿನವಿಡೀ ಆರುವುದಿಲ್ಲ.

ಉಣ್ಣೆಯ ದಾರಿ ಬೇರೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಎಳೆದುಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ತೇವದಲ್ಲೂ ಒಂದಿಷ್ಟು ಬೆಚ್ಚಗಿಡುತ್ತದೆ. ಪಾಲಿಯೆಸ್ಟರ್ ನೀರನ್ನು ಹೀರುವುದೇ ಅತಿ ಕಡಿಮೆ, ಬೇಗ ಒಣಗುತ್ತದೆ. ನಮ್ಮ ಅಂಗಡಿಗಳಲ್ಲಿ ‘ಥರ್ಮಲ್’ ಎಂದು ಮಾರುವ ಎಷ್ಟೋ ಒಳಉಡುಪುಗಳು ಹತ್ತಿ ಬೆರೆಸಿದವು. ಕೊಳ್ಳುವ ಮುಂಚೆ ಕತ್ತಿನ ಹಿಂದಿನ ಲೇಬಲ್ ಓದಿ. ಥರ್ಮಲ್ ಒಳಗೆ ಮತ್ತೆ ಹತ್ತಿ ಬನಿಯನ್ ಹಾಕಬೇಡಿ. ನಮ್ಮ ದೊಡ್ಡಪ್ಪ ಒಪ್ಪದೆ ಬಹಳ ವಾದ ಮಾಡಿದ್ದು ಇದೊಂದಕ್ಕೇ.

ವಾದ ಏಕೆ ಮುಖ್ಯ ಎಂದರೆ, ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿಯುವ ಹೈಪೋಥರ್ಮಿಯಾ ಎಂಬ ಸ್ಥಿತಿಗೆ ಶೂನ್ಯ ಡಿಗ್ರಿ ಬೇಕಿಲ್ಲ. ಒದ್ದೆ ಬಟ್ಟೆ, ಗಾಳಿ, ಏಳೆಂಟು ಡಿಗ್ರಿ ಇಷ್ಟೇ ಸಾಕಾಗಬಹುದು. ಹತ್ತು ಹೆಜ್ಜೆಗೆ ಬೆಚ್ಚಗಿನ ಕೋಣೆ ಇರುವ ದೊಡ್ಡ ಹಡಗಿನಲ್ಲಿ ಇದರ ಸಾಧ್ಯತೆ ಕಡಿಮೆ. ಆದರೆ ತಿಮಿಂಗಿಲ ನೋಡಲು ಸಣ್ಣ ದೋಣಿಯಲ್ಲಿ ಮೂರು ಗಂಟೆ ಹೋದಾಗ ಆ ಕೋಣೆ ಹತ್ತಿರ ಇರುವುದಿಲ್ಲ. ವಯಸ್ಸಾದವರಲ್ಲಿ ದೇಹ ಚಳಿಗೆ ಸ್ಪಂದಿಸುವುದು ನಿಧಾನ, ಚಳಿಯಾಗುತ್ತಿದೆ ಎಂದು ಅವರಿಗೇ ತಡವಾಗಿ ತಿಳಿಯಬಹುದು. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳಿಂದ ಕೈಕಾಲು ತಣ್ಣಗಾಗುವುದೂ ಉಂಟು. ಹಾಗೆಂದು ಮಾತ್ರೆ ನಿಲ್ಲಿಸುವಂತಿಲ್ಲ, ಗ್ಲೌಸ್ ಮರೆಯಬಾರದು ಅಷ್ಟೆ.

ಜೊತೆಗಿರುವವರು ಗಮನಿಸಬೇಕಾದದ್ದು: ನಡುಕ, ಗುಂಡಿ ಹಾಕಿಕೊಳ್ಳಲು ತಡವರಿಸುವುದು, ಮಾತು ತೊದಲುವುದು, ವಿನಾಕಾರಣ ಮಂಕಾಗುವುದು. ಮಂಕಾದವರ ನಡುಕ ನಿಂತರೆ ಸುಧಾರಿಸಿದರು ಎಂದುಕೊಳ್ಳಬೇಡಿ, ಅದು ಅಪಾಯದ ಗುರುತು. ಒಳಗೆ ಕರೆತಂದು, ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, ಹಡಗಿನ ವೈದ್ಯರಿಗೆ ತಿಳಿಸಿ.

ಬ್ರಾಂಡಿ ಬೇಡ

ಬ್ರಾಂಡಿ ಕುಡಿದರೆ ಬೆಚ್ಚಗೆ ಅನ್ನಿಸುವುದು ಸುಳ್ಳಲ್ಲ. ಆಲ್ಕೋಹಾಲ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿ ರಕ್ತ ಹೊರಗೆ ಹರಿಯುತ್ತದೆ, ಕೆನ್ನೆ ಬಿಸಿಯಾಗುತ್ತದೆ. ಆದರೆ ಚರ್ಮಕ್ಕೆ ಬಂದ ಆ ಶಾಖ ಗಾಳಿಗೆ ಹೋಗುತ್ತದೆ. ಹೃದಯ, ಮಿದುಳಿಗೆಂದು ದೇಹ ಉಳಿಸಿಕೊಂಡಿದ್ದ ಶಾಖವನ್ನು ನಾವೇ ಹೊರಗೆ ಚೆಲ್ಲಿದಂತೆ. ಮೇಲಾಗಿ ಚಳಿಯ ಎಚ್ಚರಿಕೆ ಕೊಡುವ ನಡುಕವೂ ಕುಗ್ಗುತ್ತದೆ. ಬಿಸಿ ಕಾಫಿಯೋ, ಬಿಸಿನೀರೋ ಸಾಕು.

ತಲೆಯ ಲೆಕ್ಕ

ತಲೆಯಿಂದ ಅರ್ಧ ಶಾಖ ಹೋಗುತ್ತದೆಂಬುದು ವಾಟ್ಸಾಪ್‌ಗಿಂತ ಹಳೆಯ ಕಥೆ. ಅಮೆರಿಕ ಸೇನೆಯ 1970ರ ಕೈಪಿಡಿಯೊಂದರಲ್ಲೂ 40ರಿಂದ 45 ಪ್ರತಿಶತ ಎಂಬ ಮಾತಿತ್ತು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನವೊಂದು ಇದು ತಪ್ಪೆಂದು ಬಿಡಿಸಿ ಹೇಳಿತು. ತಲೆ ದೇಹದ ಮೇಲ್ಮೈಯಲ್ಲಿ ಹತ್ತನೇ ಒಂದು ಭಾಗದಷ್ಟು, ಶಾಖ ಹೋಗುವುದೂ ಹೆಚ್ಚೂಕಡಿಮೆ ಅದೇ ಪ್ರಮಾಣದಲ್ಲಿ. ಮೈಯೆಲ್ಲ ಮುಚ್ಚಿ ತಲೆ ಮಾತ್ರ ಬಿಟ್ಟರೆ ಅಲ್ಲಿಂದಲೇ ಹೆಚ್ಚು ಹೋಗುತ್ತದೆ ನಿಜ, ಕಾಲು ಬಿಟ್ಟರೂ ಅದೇ ಕಥೆ. ಆದ್ದರಿಂದ ಮಂಕಿ ಕ್ಯಾಪ್ ಖಂಡಿತ ಇರಲಿ, ಕಿವಿ ಕತ್ತು ಎರಡನ್ನೂ ಕಾಯುವ ಒಳ್ಳೆಯ ಟೋಪಿ ಅದು. ಅದನ್ನು ನಂಬಿ ಜಾಕೆಟ್ ಬಿಡಬೇಡಿ.

ಹಾಗಾದರೆ ಪೆಟ್ಟಿಗೆಗೆ ಏನು ಹಾಕುವುದು?

ಒಂದು ದಪ್ಪ ಕೋಟಿಗೆ ಬದಲು ಮೂರು ತೆಳು ಪದರ. ಮೈಗೆ ತಾಗಿ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಎರಡು ಜೊತೆ ಇದ್ದರೆ ಒಂದನ್ನು ತೊಳೆದು ಒಣಹಾಕಬಹುದು. ಅದರ ಮೇಲೆ ಫ್ಲೀಸ್ ಜಾಕೆಟ್. ಮನೆಯಲ್ಲಿ ಒಳ್ಳೆಯ ಉಣ್ಣೆ ಸ್ವೆಟರ್ ಇದ್ದರೆ ಹೊಸದು ಬೇಡ. ಎಲ್ಲಕ್ಕೂ ಮೇಲೆ ಟೋಪಿ ಇರುವ, ಗಾಳಿ ಮಳೆ ಎರಡನ್ನೂ ತಡೆಯುವ ಜಾಕೆಟ್. ದುಡ್ಡು ಖರ್ಚು ಮಾಡುವುದಾದರೆ ಈ ಮೂರನೆಯದಕ್ಕೆ ಮಾಡಿ. ಬೈಕ್ ಸವಾರರ ಪ್ಲಾಸ್ಟಿಕ್ ರೇನ್‌ಕೋಟ್ ಮಳೆ ತಡೆಯುತ್ತದೆ, ಆದರೆ ಬೆವರಿನ ಆವಿಯನ್ನು ಹೊರಗೆ ಬಿಡುವುದಿಲ್ಲ. ಸ್ವಲ್ಪ ನಡೆದರೆ ಒಳಗಿನಿಂದಲೇ ಒದ್ದೆ. ಹಕ್ಕಿಯ ಪುಕ್ಕ ತುಂಬಿದ ಜಾಕೆಟ್ ಒಣ ಚಳಿಯಲ್ಲಿ ಬಲು ಬೆಚ್ಚಗೆ, ನೆನೆದರೆ ಮುದ್ದೆಯಾಗುತ್ತದೆ.

ಪದರಗಳ ಲಾಭ ಹಡಗಿನೊಳಗೆ ಕಾಲಿಟ್ಟಾಗ ತಿಳಿಯುತ್ತದೆ. ಒಳಗೆಲ್ಲ ಹೀಟರ್ ಇರುವುದರಿಂದ ಒಂದೊಂದಾಗಿ ಕಳಚುತ್ತಾ ಹೋಗಬಹುದು. ದಪ್ಪ ಕೋಟಿನಲ್ಲಿ ಇರುವುದು ಎರಡೇ ಆಯ್ಕೆ: ಬೇಯುವುದು ಅಥವಾ ನಡುಗುವುದು.

ಸೀರೆ ಉಡುವವರಿಗೆ ಒಂದು ಮಾತು. ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಪೂರ್ತಿ ತೋಳಿನ ಥರ್ಮಲ್ ಹಾಕಿ ಸೀರೆ ಉಟ್ಟು ಊಟದ ಸಭಾಂಗಣಕ್ಕೆ ಹೋಗಲು ಅಡ್ಡಿಯಿಲ್ಲ. ಡೆಕ್ ಮತ್ತು ದೋಣಿಗೆ ಬೇಡ. ನೆರಿಗೆಯ ಅಂಚು ಒದ್ದೆಯಾಗುವುದಿರಲಿ, ಒದ್ದೆ ಮೆಟ್ಟಿಲ ಮೇಲೆ ಕಾಲಿಗೆ ಸಿಕ್ಕಿದರೆ ಬೀಳುವ ಭಯ. ಬೇಗ ಒಣಗುವ ಪ್ಯಾಂಟು ಎರಡು ಸಾಕು.

ಶೂ ಒಳಗೆ ಎರಡು ಸಾಕ್ಸ್ ತುರುಕಿದರೆ ರಕ್ತ ಓಡಾಟಕ್ಕೆ ತಡೆಯಾಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ ಉಣ್ಣೆ ಸಾಕ್ಸ್, ಬೆರಳು ಆಡಿಸಲು ಜಾಗವಿರುವ, ಜಾರದ ಅಡಿಯ, ನೀರು ಇಳಿಯದ ಶೂ ಇರಲಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಬಿಸಿ ಪ್ಯಾಕೆಟ್‌ಗಳನ್ನು ಶೂ ಒಳಗೆ ಇಡಬೇಡಿ, ಸುಟ್ಟರೂ ಗೊತ್ತಾಗದು.

ಟಚ್‌ಸ್ಕ್ರೀನ್ ಗ್ಲೌಸ್ ಇದ್ದರೆ ಫೋಟೊಗೆಂದು ಪದೇ ಪದೇ ಬಿಚ್ಚುವುದು ತಪ್ಪುತ್ತದೆ. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುವುದರಿಂದ ಫೋನ್ ಒಳಜೇಬಿನಲ್ಲಿರಲಿ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಕೂಡ ಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣವನ್ನು 80 ಪ್ರತಿಶತದವರೆಗೆ ತಿರುಗಿ ಎಸೆಯುತ್ತದೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಇಂಥವನ್ನು ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ.

ಇದೆಲ್ಲ ಬೇಸಿಗೆಯ ಅಲಾಸ್ಕಾಕ್ಕೆ ಹೇಳಿದ ಮಾತು. ಉತ್ತರದ ಬಣ್ಣದ ಬೆಳಕು ನೋಡಲು ಜನವರಿಯಲ್ಲಿ ನಾರ್ವೆಯ ಕರಾವಳಿಗೆ ಹೋಗುವವರು ಒಳಗೆ ಇನ್ನೊಂದು ದಪ್ಪ ಪದರ ಸೇರಿಸಬೇಕು, ಅಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿರುವುದು ಮಾಮೂಲು.

ದೊಡ್ಡಪ್ಪ ಕೋಟು ತರಲಿಲ್ಲ. ಜಾಕೆಟ್ ಸಿಯಾಟಲ್‌ನಲ್ಲೇ ಕೊಳ್ಳುವುದೆಂದು ಮಗನ ಜೊತೆ ಮಾತಾಗಿದೆ, ಶೂ ವಿಮಾನದಲ್ಲಿ ಕಾಲಲ್ಲೇ ಇರುತ್ತದೆ. ದೊಡ್ಡಮ್ಮನ ಪೆಟ್ಟಿಗೆ 23 ಕೆ.ಜಿ. ಮಿತಿಯಲ್ಲಿ 14ಕ್ಕೆ ನಿಂತಿದೆ. ಉಳಿದ ಒಂಬತ್ತು ಕೆ.ಜಿ.ಗೆ ಚಟ್ನಿಪುಡಿ, ಸಾರಿನಪುಡಿಯ ಲೆಕ್ಕ ನಡೆದಿದೆ. ಅದರಲ್ಲಿ ನನ್ನ ಸಲಹೆಯನ್ನು ಯಾರೂ ಕೇಳಿಲ್ಲ.