ನಡುಗುವ ಕೈಗೆ ಬೇಕಿರುವುದು ‘ಶಕ್ತಿ’ಯ ಟಾನಿಕ್ಕೇ?

ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗುತ್ತದೆ. ಕಾಫಿ ಲೋಟ ಎತ್ತಿಕೊಂಡರೆ ನಡುಕ ತಗ್ಗುತ್ತದೆ. ನಡಿಗೆ ನಿಧಾನವಾಗಿದೆ, ಸಹಿಯ ಅಕ್ಷರಗಳು ಚಿಕ್ಕದಾಗುತ್ತಾ ಹೋಗಿವೆ. ಇದು ಪಾರ್ಕಿನ್ಸನ್ ಕಾಯಿಲೆ ಎಂದು ವೈದ್ಯರು ಹೇಳಿದ ಮರುದಿನದಿಂದಲೇ ಮನೆಗೆ ಸಲಹೆಗಳು ಬರತೊಡಗುತ್ತವೆ. ಈಚೆಗೆ ಅವುಗಳಲ್ಲಿ ‘ಮೈಟೋಕಾಂಡ್ರಿಯಾ’ ಎಂಬ ಪದವೂ ಸೇರಿಕೊಂಡಿದೆ. ಹೈಸ್ಕೂಲಿನಲ್ಲಿ ‘ಜೀವಕೋಶದ ಶಕ್ತಿಕೇಂದ್ರ’ ಎಂದು ನಾವು ಬಾಯಿಪಾಠ ಮಾಡಿದ್ದು ಇದನ್ನೇ. ಈ ಕಾಯಿಲೆಯಲ್ಲಿ ಅದರ ಪಾತ್ರವಿರುವುದು ನಿಜ. ಆ ಒಂದು ನಿಜದ ಸುತ್ತ ತಪ್ಪು ಕಲ್ಪನೆಗಳೂ ಹಬ್ಬಿಕೊಂಡಿವೆ.

ತಪ್ಪು ಕಲ್ಪನೆ 1: ವಯಸ್ಸಾಯಿತು, ನಿಶ್ಶಕ್ತಿ. ಅದಕ್ಕೇ ನಡುಕ.

ಸತ್ಯ: ವಯಸ್ಸಿನೊಂದಿಗೆ ಅಪಾಯ ಹೆಚ್ಚುವುದು ದಿಟ. ಆದರೆ 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಯಸ್ಸಾಗದ ಕೆಲವರು ಇದ್ದಕ್ಕಿದ್ದಂತೆ ಕಲ್ಲಿನಂತೆ ಬಿಗಿದುಕೊಂಡು, ಮಾತೂ ಹೊರಡದೆ ಆಸ್ಪತ್ರೆ ಸೇರಿದರು. ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಜಾಡು ಹಿಡಿದು ಹೊರಟಾಗ ಸಿಕ್ಕಿದ್ದು, ಅವರು ಚುಚ್ಚಿಕೊಂಡಿದ್ದ ಕೃತಕ ಹೆರಾಯಿನ್‌ನಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕ. ಮಿದುಳಿನಲ್ಲಿ ಅದು ಇನ್ನೊಂದು ವಿಷವಾಗಿ ಮಾರ್ಪಟ್ಟು, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳೊಳಗೆ ನುಸುಳಿ, ಮೈಟೋಕಾಂಡ್ರಿಯಾದ ಶಕ್ತಿ ತಯಾರಿಕೆಯ ಸರಪಳಿಯಲ್ಲಿ ‘ಕಾಂಪ್ಲೆಕ್ಸ್ 1’ ಎಂಬ ಕೊಂಡಿಯನ್ನು ಕಟ್ಟಿಹಾಕುತ್ತದೆ. ಅಂಥ ವಿಷ ಮುಟ್ಟದ ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಅದೇ ಕೊಂಡಿ ದುರ್ಬಲವಾಗಿರುವುದು 1989ರಲ್ಲಿ ಕಂಡುಬಂತು.

ತಪ್ಪು ಕಲ್ಪನೆ 2: ಮಿದುಳಿಗೆ ಇಂಧನ ಸಾಲದು, ಅಷ್ಟೇ.

ಸತ್ಯ: ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2; ಅದು ಬಳಸುವ ಆಮ್ಲಜನಕವೋ ಸುಮಾರು ಶೇ 20. ಅದರಲ್ಲೂ ನಡುಮಿದುಳಿನ ಡೋಪಮೈನ್ ನರಕೋಶಗಳದು ಭಾರಿ ಖರ್ಚಿನ ಸಂಸಾರ. ಇಲಿಯಲ್ಲಿ ಇಂಥ ಒಂದೇ ಒಂದು ಕೋಶದ ಕವಲುಗಳನ್ನೆಲ್ಲ ಕೂಡಿಸಿದರೆ ಅರ್ಧ ಮೀಟರಿನಷ್ಟು ಉದ್ದವಾಗುತ್ತದೆ. ಆದರೂ ಇಲ್ಲಿ ಕೈಕೊಡುವುದು ಇಂಧನಕ್ಕಿಂತ ಹೆಚ್ಚಾಗಿ ದುರಸ್ತಿಯ ವ್ಯವಸ್ಥೆ. ಕೆಟ್ಟ ಮೈಟೋಕಾಂಡ್ರಿಯಾ ಶಕ್ತಿ ಕಡಿಮೆ ಕೊಟ್ಟು ಸುಮ್ಮನಿರುವುದಿಲ್ಲ; ಕೋಶವನ್ನು ಸುಡುವ ಆಮ್ಲಜನಕದ ಉಪೋತ್ಪನ್ನಗಳನ್ನು ಉಗುಳುತ್ತದೆ, ಕ್ಯಾಲ್ಸಿಯಂ ಲೆಕ್ಕ ತಪ್ಪಿಸುತ್ತದೆ, ಕೊನೆಗೆ ಕೋಶಕ್ಕೆ ಸಾವಿನ ಸಂಕೇತವನ್ನೂ ಕೊಡಬಲ್ಲದು. ಹಾಗಾಗಿ ಅದನ್ನು ಬೇಗ ಹೊರಹಾಕಬೇಕು. ‘ಪಿಂಕ್ 1’ ಎಂಬ ಪ್ರೋಟೀನು ಕೆಟ್ಟದ್ದರ ಮೇಲೆ ಗುರುತು ಹಾಕುತ್ತದೆ, ‘ಪಾರ್ಕಿನ್’ ಆ ಗುರುತು ಹಿಡಿದು ಬರುತ್ತದೆ, ಕೋಶ ಅದನ್ನು ಅರಗಿಸಿಬಿಡುತ್ತದೆ. ಈ ಎರಡರಲ್ಲಿ ಒಂದರ ಜೀನ್ ದೋಷವಿದ್ದವರಿಗೆ ಎಷ್ಟೋ ಸಲ ನಲವತ್ತರೊಳಗೇ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ತಪ್ಪು ಕಲ್ಪನೆ 3: ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ. ಆದ್ದರಿಂದ ಈ ಕಾಯಿಲೆಯೂ ತಾಯಿಯ ಕಡೆಯದು.

ಸತ್ಯ: ಮೊದಲ ಮಾತು ಸರಿ, ಎರಡನೆಯದು ತಪ್ಪು. ಮೈಟೋಕಾಂಡ್ರಿಯಾದ ಸ್ವಂತ ಜೀನ್‌ಗಳು ಬರೀ 37. ಅದಕ್ಕೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ನಕ್ಷೆ ಇರುವುದು ಕೋಶಕೇಂದ್ರದಲ್ಲಿ. ಅದು ತಂದೆ–ತಾಯಿ ಇಬ್ಬರಿಂದಲೂ ಬಂದದ್ದು. ಪಿಂಕ್ 1, ಪಾರ್ಕಿನ್ ಜೀನ್‌ಗಳೂ ಅಲ್ಲೇ ಇವೆ. ಅವುಗಳಿಂದ ಕಾಯಿಲೆ ಬರಬೇಕಾದರೆ ಸಾಮಾನ್ಯವಾಗಿ ಎರಡೂ ಕಡೆಯ ಪ್ರತಿ ಕೆಟ್ಟಿರಬೇಕು. ಬಹುಪಾಲು ರೋಗಿಗಳಲ್ಲಂತೂ ಇಂಥದ್ದೇ ಎಂದು ಬೆರಳಿಟ್ಟು ತೋರಿಸುವ ಒಂದು ಜೀನ್ ಇರುವುದಿಲ್ಲ. ಸೊಸೆಯ ತವರನ್ನು ದೂರುವವರು ಇಷ್ಟನ್ನು ತಿಳಿದುಕೊಂಡರೆ ಒಳ್ಳೆಯದು.

ತಪ್ಪು ಕಲ್ಪನೆ 4: ಮೈಟೋಕಾಂಡ್ರಿಯಾಗೆ ಬಲ ಕೊಡುವ ಮಾತ್ರೆ ನುಂಗಿದರೆ ಕಾಯಿಲೆ ನಿಲ್ಲುತ್ತದೆ.

ಸತ್ಯ: ವಿಜ್ಞಾನಿಗಳೂ ಹೀಗೇ ಆಸೆಪಟ್ಟಿದ್ದರು. ಕೋಎಂಜೈಮ್ ಕ್ಯೂ 10 ಅನ್ನು ದಿನಕ್ಕೆ 1,200 ಮತ್ತು 2,400 ಮಿಲಿಗ್ರಾಂನಂತೆ ಕೊಟ್ಟು 600 ರೋಗಿಗಳಲ್ಲಿ ಪರೀಕ್ಷಿಸಿದರು. ಕ್ರಿಯಾಟಿನ್‌ಗೆ 1,741 ರೋಗಿಗಳ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಪ್ರಯೋಜನ ಕಾಣದೆ ಎರಡನ್ನೂ ನಡುವೆಯೇ ನಿಲ್ಲಿಸಬೇಕಾಯಿತು. ಕಸ ವಿಲೇವಾರಿ ನಿಂತುಹೋದ ಕಾರ್ಖಾನೆಗೆ ಇನ್ನಷ್ಟು ಸೌದೆ ತಂದು ಸುರಿದರೆ ಹೊಗೆ ಹೋಗುತ್ತದೆಯೇ?

ತಪ್ಪು ಕಲ್ಪನೆ 5: ನಸುಗುನ್ನಿ ಬೀಜ ಕಾಯಿಲೆಯನ್ನು ಬುಡದಿಂದ ಕೀಳುತ್ತದೆ.

ಸತ್ಯ: ಮೈಗೆ ತಾಗಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದು ಖಂಡಿತ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ವೈದ್ಯರು ಬರೆದುಕೊಡುವ ಮುಖ್ಯ ಮಾತ್ರೆಯಲ್ಲಿರುವುದೂ ಅದೇ. ಮಿದುಳಿನಲ್ಲಿ ಅದು ಡೋಪಮೈನ್ ಆಗಿ, ಬಿಗಿದ ಮೈಯನ್ನು ಸಡಿಲಿಸುತ್ತದೆ. ಆದರೆ ಬೀಜವಾಗಲಿ ಮಾತ್ರೆಯಾಗಲಿ, ಸತ್ತ ನರಕೋಶವನ್ನು ಬದುಕಿಸುವುದಿಲ್ಲ. ಬೀಜದಿಂದ ಬೀಜಕ್ಕೆ ಪ್ರಮಾಣವೂ ಬೇರೆ. ಮಾತ್ರೆಯ ಜೊತೆಗೆ ಗುಟ್ಟಾಗಿ ಪುಡಿಯನ್ನೂ ತಿಂದರೆ ಔಷಧ ಹೆಚ್ಚಾಗಿ, ಕೈಕಾಲು ತಾವಾಗಿಯೇ ಹೊಯ್ದಾಡಬಹುದು.

ಮೈಟೋಕಾಂಡ್ರಿಯಾವನ್ನೇ ರಿಪೇರಿ ಮಾಡುವ ಔಷಧಿಯ ಹುಡುಕಾಟ ಇನ್ನೂ ನಡೆದಿದೆ. ಅಲ್ಲಿಯವರೆಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗಬೇಕು, ದಿನಾ ಮೈ ದಣಿಯಬೇಕು. ವ್ಯಾಯಾಮದಿಂದ ನಡಿಗೆ, ಸಮತೋಲನ ಸುಧಾರಿಸುವುದಕ್ಕೆ ಪುರಾವೆಯಿದೆ. ಟಾನಿಕ್ ಬಾಟಲಿಗೆ ಕೊಡುವ ದುಡ್ಡನ್ನು ಫಿಸಿಯೋಥೆರಪಿಯವರಿಗೆ ಕೊಟ್ಟರೆ, ಅಪ್ಪ ಇನ್ನಷ್ಟು ಕಾಲ ಗೇಟಿನವರೆಗೆ ತಾವೇ ನಡೆದು ಹೋಗಿ ಪೇಪರು ತಂದುಕೊಂಡಾರು.